ಕೈಲಾಸ ಮಾನಸ ಸರೋವರ ಯಾತ್ರೆ: ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೈಲಾಸಕ್ಕೆ ಹೋಗಿ ಬಂದವರ ಮನೆಗೆ ಫೋನ್ ಬರುವುದು ನಿಲ್ಲುವುದೇ ಇಲ್ಲ. ಸಂಬಂಧಿಕರು, ಆಫೀಸಿನವರು, ಅವರ ಭಾವಮೈದುನ, ಎಲ್ಲರದ್ದೂ ಹೆಚ್ಚೂಕಡಿಮೆ ಅವೇ ಪ್ರಶ್ನೆಗಳು. ಅವನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಎಷ್ಟು ದುಡ್ಡಾಗುತ್ತೆ?" ಅಂತ. "ಎಷ್ಟು ದಿನ ಇಟ್ಟುಕೊಳ್ಳಬೇಕು?" ಅಂತ ಕೇಳುವವರು ಕಡಿಮೆ. ಈ ಯಾತ್ರೆಯಲ್ಲಿ ಮುಖ್ಯವಾದದ್ದು ಎರಡನೆಯದು. ಯಾಕೆ ಅಂತ ಮುಂದೆ ಓದುತ್ತಾ ಗೊತ್ತಾಗುತ್ತದೆ.

ಕೈಲಾಸ ನಿಜವಾಗಿ ಇರುವುದು ಎಲ್ಲಿ?

ಟಿಬೆಟ್‌ನ ಪಶ್ಚಿಮ ಭಾಗದಲ್ಲಿ, ಙಾರಿ ಎಂಬ ಸೀಮೆಯಲ್ಲಿ. ಈಗ ಅದು ಚೀನಾದ ಆಡಳಿತದಲ್ಲಿದೆ. ಹಾಗಾಗಿ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು. ಉತ್ತರಾಖಂಡದ ಗಡಿಯಿಂದ ತೀರಾ ದೂರವೇನಲ್ಲ.

ಬೆಟ್ಟದ ಎತ್ತರ ಸುಮಾರು 6,638 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಇದೇನೂ ಜಾಸ್ತಿ ಅಲ್ಲ. ಸರೋವರದ ದಕ್ಷಿಣಕ್ಕಿರುವ ಗುರ್ಲಾ ಮಾಂಧಾತ 7,694 ಮೀಟರ್ ಇದೆ. ಆದರೆ ಕೈಲಾಸ ಒಂಟಿಯಾಗಿ ನಿಂತಿದೆ. ಸುತ್ತಲಿನ ಬೆಟ್ಟಗಳೆಲ್ಲ ಕಂದು ಬಣ್ಣದವು, ನಡುವೆ ಇದೊಂದೇ ಬಿಳಿ ತಲೆ. ಅಲ್ಲಿಗೆ ಹೋದವರಿಗೆ ಯಾವುದು ಕೈಲಾಸ ಅಂತ ಯಾರೂ ತೋರಿಸಿಕೊಡಬೇಕಾಗಿಲ್ಲ.

ಇನ್ನೊಂದು ವಿಶೇಷ ನದಿಗಳದ್ದು. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಮತ್ತು ಗಂಗೆಯನ್ನು ಸೇರುವ ಕರ್ನಾಲಿ, ಈ ನಾಲ್ಕೂ ಹುಟ್ಟುವುದು ಇದೇ ಸೀಮೆಯಲ್ಲಿ. ಟಿಬೆಟನ್ನರು ಸಿಂಧೂ ಸಿಂಹದ ಬಾಯಿಂದ, ಬ್ರಹ್ಮಪುತ್ರ ಕುದುರೆಯ ಬಾಯಿಂದ, ಸಟ್ಲೆಜ್ ಆನೆಯ ಬಾಯಿಂದ, ಕರ್ನಾಲಿ ನವಿಲಿನ ಬಾಯಿಂದ ಬರುತ್ತವೆ ಎನ್ನುತ್ತಾರೆ.

ಅಲ್ಲಿಗೆ ಹೋಗುವುದು ಹಿಂದೂಗಳು ಮಾತ್ರವಾ?

ಅಲ್ಲ. ನಮಗೆ ಅದು ಶಿವ ಪಾರ್ವತಿಯರ ಮನೆ. ಟಿಬೆಟನ್ ಬೌದ್ಧರಿಗೆ ಕಾಂಗ್ ರಿಂಪೋಚೆ, ಅಂದರೆ ಹಿಮದ ರತ್ನ. ಬೌದ್ಧ ಧರ್ಮ ಬರುವ ಮೊದಲೇ ಟಿಬೆಟ್‌ನಲ್ಲಿದ್ದ ಬಾನ್ ಧರ್ಮದವರಿಗೂ ಅದೇ ಪವಿತ್ರ ಬೆಟ್ಟ. ಅವರು ಮಾತ್ರ ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ದಾರಿಯಲ್ಲಿ ಎದುರಿಂದ ಬರುವವರನ್ನು ಕಂಡು "ಇವರು ದಾರಿ ತಪ್ಪಿದರಾ?" ಅಂದುಕೊಳ್ಳಬೇಡಿ. ಜೈನರ ಪ್ರಕಾರ ಮೊದಲ ತೀರ್ಥಂಕರ ಆದಿನಾಥ, ಅಂದರೆ ನಮ್ಮ ಶ್ರವಣಬೆಳಗೊಳದ ಬಾಹುಬಲಿಯ ತಂದೆ, ನಿರ್ವಾಣ ಹೊಂದಿದ ಅಷ್ಟಾಪದ ಇರುವುದು ಇಲ್ಲೇ.

ಸರ್ಕಾರದ ಯಾತ್ರೆ ಒಳ್ಳೆಯದಾ, ಖಾಸಗಿ ಟೂರ್ ಒಳ್ಳೆಯದಾ?

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಸರ್ಕಾರದ್ದು. ಆದರೆ ಅದು ಲಾಟರಿ. ಹೆಸರು ಬಂದರೆ ಬಂತು.

1962ರ ಯುದ್ಧದ ನಂತರ ನಿಂತು ಹೋಗಿದ್ದ ಯಾತ್ರೆಯನ್ನು 1981ರಲ್ಲಿ ವಿದೇಶಾಂಗ ಸಚಿವಾಲಯ ಉತ್ತರಾಖಂಡದ ಲಿಪುಲೇಖ್ ದಾರಿಯಲ್ಲಿ ಮತ್ತೆ ಶುರು ಮಾಡಿತು. 2015ರಲ್ಲಿ ಸಿಕ್ಕಿಂನ ನಾಥು ಲಾ ದಾರಿಯೂ ಸೇರಿತು. ಕೋವಿಡ್‌ನಿಂದ 2020ರಲ್ಲಿ ನಿಂತದ್ದು, ಗಡಿ ತಕರಾರೂ ಸೇರಿಕೊಂಡು, 2025ರವರೆಗೆ ನಡೆಯಲೇ ಇಲ್ಲ. 2025ರಲ್ಲಿ ಲಿಪುಲೇಖ್‌ನಿಂದ 50 ಜನರ 5 ಬ್ಯಾಚ್, ನಾಥು ಲಾದಿಂದ 50 ಜನರ 10 ಬ್ಯಾಚ್, ಒಟ್ಟು 750 ಜನರಿಗೆ ಅವಕಾಶ ಕೊಟ್ಟರು. ಇಡೀ ದೇಶಕ್ಕೆ 750. ಹೆಸರು ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಸರ್ಕಾರದ ಯಾತ್ರೆಯ ದೊಡ್ಡ ಲಾಭ ದಿನಗಳು. ದೆಹಲಿಯ ವೈದ್ಯಕೀಯ ತಪಾಸಣೆಯೂ ಸೇರಿ 21-22 ದಿನ. ಜೊತೆಗೆ ಒಬ್ಬ ಸರ್ಕಾರಿ ಅಧಿಕಾರಿ ಇರುತ್ತಾರೆ. ನಡುವೆ ಮತ್ತೊಮ್ಮೆ ತಪಾಸಣೆ ಇರುತ್ತದೆ, ಆರೋಗ್ಯ ಸರಿ ಇಲ್ಲದಿದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ. ಖಾಸಗಿಯವರು ಇಷ್ಟು ಕಟ್ಟುನಿಟ್ಟಾಗಿ ಇರುವುದು ಅಪರೂಪ.

ಸರ್ಕಾರದ ಯಾತ್ರೆಗೆ ಯಾರು ಅರ್ಜಿ ಹಾಕಬಹುದು?

ಭಾರತೀಯ ಪ್ರಜೆಯಾಗಿರಬೇಕು. ವಯಸ್ಸು 18ರಿಂದ 70. ಆ ವರ್ಷದ ಸೆಪ್ಟೆಂಬರ್ 1ಕ್ಕೆ ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಮೀರಬಾರದು. ಬಹಳ ಜನ ಎಡವುವುದು ಈ ಕೊನೆಯದರಲ್ಲೇ. 165 ಸೆಂ.ಮೀ. ಎತ್ತರದವರು 68 ಕೆ.ಜಿ. ಒಳಗೆ ಇರಬೇಕು ಅಂತ ಲೆಕ್ಕ. ಅರ್ಜಿ ಪೂರ್ತಿ ಆನ್‌ಲೈನ್, ಸಚಿವಾಲಯದ ಯಾತ್ರಾ ಪೋರ್ಟಲ್‌ನಲ್ಲಿ. ಆಯ್ಕೆ ಕಂಪ್ಯೂಟರಿನದ್ದು, ಯಾರ ಶಿಫಾರಸೂ ನಡೆಯುವುದಿಲ್ಲ. "ಸೀಟು ಕೊಡಿಸುತ್ತೇನೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅನಿವಾಸಿ ಬಂಧುಗಳು ಗಮನಿಸಿ. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ, ಓಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ, ಇಲ್ಲಿ ಅವಕಾಶ ಇಲ್ಲ. ಅವರು ಖಾಸಗಿ ದಾರಿಯನ್ನೇ ಹಿಡಿಯಬೇಕು.

ಲಿಪುಲೇಖ್, ನಾಥು ಲಾ, ಯಾವುದನ್ನು ಆರಿಸಲಿ?

ಲಿಪುಲೇಖ್ ದಾರಿ ದೆಹಲಿಯಿಂದ ಟನಕ್‌ಪುರ, ಧಾರ್ಚುಲಾ, ಗುಂಜಿ, ನಾಭಿಢಾಂಗ್ ಆಗಿ ಗಡಿ ದಾಟಿ ತಕ್ಲಾಕೋಟ್ ಸೇರುತ್ತದೆ. ಮೊದಲು ಇದರಲ್ಲಿ ದಿನಗಟ್ಟಲೆ ನಡಿಗೆ ಇತ್ತು. ಈಗ ರಸ್ತೆ ಬಂದು ನಡಿಗೆ ಬಹಳ ಕಡಿಮೆಯಾಗಿದೆ. ನಾಥು ಲಾ ದಾರಿ ಗ್ಯಾಂಗ್‌ಟಾಕ್ ಮೇಲೆ ಹೋಗುತ್ತದೆ, ಗಡಿ ದಾಟಿದ ಮೇಲೆ ಟಿಬೆಟ್‌ನ ಬಯಲಿನಲ್ಲಿ ಪಶ್ಚಿಮಕ್ಕೆ ಉದ್ದೋ ಉದ್ದ ಬಸ್ ಪ್ರಯಾಣ. 2025ರಲ್ಲಿ ಲಿಪುಲೇಖ್‌ಗೆ ಸುಮಾರು 1.74 ಲಕ್ಷ, ನಾಥು ಲಾಕ್ಕೆ ಸುಮಾರು 2.83 ಲಕ್ಷ ರೂಪಾಯಿ ಅಂದಾಜು ಕೊಟ್ಟಿದ್ದರು.

ನನ್ನ ಓಟು ಲಿಪುಲೇಖ್‌ಗೆ. ದುಡ್ಡು ಉಳಿಯುತ್ತದೆ ಅನ್ನುವುದಕ್ಕಲ್ಲ. ಶತಮಾನಗಳಿಂದ ಯಾತ್ರಿಕರೂ ಭೋಟಿಯಾ ವ್ಯಾಪಾರಿಗಳೂ ನಡೆದ ದಾರಿ ಅದು. 1954ರ ಭಾರತ-ಚೀನಾ ಒಪ್ಪಂದದಲ್ಲೂ ಅದರ ಹೆಸರಿದೆ. ದಾರಿಯಲ್ಲಿ ಆಕಾಶ ತಿಳಿಯಾಗಿದ್ದರೆ ನಾಭಿಢಾಂಗ್‌ನಿಂದ ಓಂ ಪರ್ವತವೂ ಕಾಣುತ್ತದೆ.

ನೇಪಾಳದ ಮೇಲೆ ಹೋಗುವುದು ಹೇಗೆ?

ಖಾಸಗಿ ಟೂರಿನವರು ಬಹುತೇಕ ಹೀಗೇ ಕರೆದುಕೊಂಡು ಹೋಗುತ್ತಾರೆ. ಒಂದು, ಕಠ್ಮಂಡುವಿನಿಂದ ರಸುವಾಗಢಿ ಗಡಿ ದಾಟಿ ಕೆರುಂಗ್, ಸಾಗಾ, ಅಲ್ಲಿಂದ ಮಾನಸ ಸರೋವರ. ಇನ್ನೊಂದು, ನೇಪಾಲ್‌ಗಂಜ್‌ನಿಂದ ಚಿಕ್ಕ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಹಿಲ್ಸಾ, ಸೇತುವೆ ದಾಟಿದರೆ ಟಿಬೆಟ್. ಲ್ಹಾಸಾಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ರಸ್ತೆ ಹಿಡಿಯುವುದೂ ಉಂಟು.

ಗಡಿಯ ಪರಿಸ್ಥಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2015ರ ಭೂಕಂಪದಲ್ಲಿ ನೇಪಾಳ-ಟಿಬೆಟ್ ಗಡಿಯ ಕೊದಾರಿ ದಾರಿ ಮುಚ್ಚಿತು. 2025ರ ಜುಲೈನಲ್ಲಿ ರಸುವಾಗಢಿಯ ಸೇತುವೆ ನೆರೆಗೆ ಕೊಚ್ಚಿ ಹೋಯಿತು. ಅಡ್ವಾನ್ಸ್ ಕೊಡುವ ಮುಂಚೆ "ಗಡಿ ಮುಚ್ಚಿದರೆ ದುಡ್ಡು ವಾಪಸ್ಸಾ?" ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಇನ್ನೊಂದು ವಿಷಯ ಟೂರಿನವರು ಹೊರಡುವ ಮುಂಚೆ ಹೇಳುವುದೇ ಇಲ್ಲ. ಈ ದಾರಿಯಲ್ಲಿ ಸಿಗುವುದು ಗುಂಪು ವೀಸಾ. ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ ಇರುತ್ತದೆ. ನಡುವೆ ನಿಮಗೊಬ್ಬರಿಗೆ ವಾಪಸ್ ಬರಬೇಕು ಅನ್ನಿಸಿದರೆ ಸುಮ್ನೆ ಬಸ್ ಹತ್ತಿ ಬರಲು ಆಗುವುದಿಲ್ಲ. ಕಾಗದಪತ್ರದ ಓಡಾಟ ಇದೆ, ಖರ್ಚೂ ಇದೆ.

ಹೆಲಿಕಾಪ್ಟರ್ ದಾರಿ ವಯಸ್ಸಾದವರಿಗೆ ಸುಲಭ ಅಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಕಾಲಿಗೆ ಸುಲಭ, ನಿಜ. ಶ್ವಾಸಕೋಶಕ್ಕೆ ಅಲ್ಲ.

ನೇಪಾಲ್‌ಗಂಜ್ ಬಯಲು ಸೀಮೆ, ಸೆಕೆಯ ಊರು. ಸಿಮಿಕೋಟ್ ಸುಮಾರು 2,900 ಮೀಟರ್. ಹಿಲ್ಸಾ 3,600ಕ್ಕೂ ಮೇಲೆ. ಎಲ್ಲೂ ಸರಿಯಾಗಿ ತಂಗದೆ ಮೇಲೆ ಮೇಲೆ ಹಾರಿಸಿಕೊಂಡು ಹೋದರೆ ಮೈ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅದೂ ಅಲ್ಲದೆ ಮೋಡ ಕವಿದರೆ ಹೆಲಿಕಾಪ್ಟರ್ ಏಳುವುದಿಲ್ಲ. 2018ರ ಜುಲೈನಲ್ಲಿ ಸಿಮಿಕೋಟ್, ಹಿಲ್ಸಾಗಳಲ್ಲಿ ನೂರಾರು ಭಾರತೀಯ ಯಾತ್ರಿಕರು ದಿನಗಟ್ಟಲೆ ಸಿಕ್ಕಿಹಾಕಿಕೊಂಡರು. ಅವರಲ್ಲಿ ಕರ್ನಾಟಕದವರೂ ಬಹಳ ಜನ ಇದ್ದರು. ಈ ದಾರಿಯಲ್ಲೇ ಹೋಗುವುದಾದರೆ ಕೈಯಲ್ಲಿ ನಾಲ್ಕೈದು ದಿನ ಜಾಸ್ತಿ ಇಟ್ಟುಕೊಂಡು ಹೊರಡಿ.

ಉಸಿರಾಟದ ತೊಂದರೆ ಎಲ್ಲರಿಗೂ ಆಗುತ್ತದೆಯಾ?

ಸ್ವಲ್ಪ ಮಟ್ಟಿಗೆ ಎಲ್ಲರಿಗೂ. ಮಾನಸ ಸರೋವರ ಇರುವುದೇ ಸುಮಾರು 4,590 ಮೀಟರ್ ಎತ್ತರದಲ್ಲಿ. ಪರಿಕ್ರಮದ, ಅಂದರೆ ಕೈಲಾಸವನ್ನು ಸುತ್ತು ಹಾಕುವ ನಡಿಗೆಯ, ತುತ್ತತುದಿಯಾದ ಡೋಲ್ಮಾ ಲಾ ಕಣಿವೆದಾರಿ ಸುಮಾರು 5,630 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನಲ್ಲಿ ಸಿಗುವುದರ ಅರ್ಧದಷ್ಟು.

ಮೊದಲು ತಲೆನೋವು. ಹಸಿವಿಲ್ಲ, ನಿದ್ದೆ ಇಲ್ಲ, ಶೂ ಲೇಸ್ ಕಟ್ಟಿ ಎದ್ದರೂ ಏದುಸಿರು. ಇಷ್ಟಾದರೆ ಹೆದರಬೇಕಾಗಿಲ್ಲ. ಆದರೆ ಮೇಲೆ ಹತ್ತುವುದನ್ನು ನಿಲ್ಲಿಸಿ, ಅಲ್ಲೇ ತಂಗಿ, ನೀರು ಕುಡಿಯಬೇಕು. ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟುವುದು, ಕೆಮ್ಮಿನಲ್ಲಿ ನೊರೆ ಬರುವುದು, ಕುಡಿದವರ ಹಾಗೆ ತೂರಾಡುವುದು, ಮಾತು ತೊದಲುವುದು, ಇವು ಅಪಾಯದ ಗುರುತು. ಶ್ವಾಸಕೋಶದಲ್ಲಿ ಇಲ್ಲವೇ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದರ್ಥ. ಇದಕ್ಕೆ ನಿಜವಾದ ಔಷಧಿ ಒಂದೇ, ಕೆಳಗೆ ಇಳಿಯುವುದು. ರಾತ್ರಿಯಾಗಿದ್ದರೂ ಸರಿ, "ಬೆಳಿಗ್ಗೆ ನೋಡೋಣ" ಅನ್ನಬೇಡಿ. ಅಲ್ಲಿಂದ ಕರೆದೊಯ್ಯಲು ಹೆಲಿಕಾಪ್ಟರ್ ಬರುವುದಿಲ್ಲ.

3,000 ಮೀಟರ್ ದಾಟಿದ ಮೇಲೆ ದಿನಕ್ಕೆ ಮಲಗುವ ಎತ್ತರ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು ಎನ್ನುವುದು ಪರ್ವತ ವೈದ್ಯರ ನಿಯಮ. ಈಗ ನಿಮ್ಮ ಟೂರಿನವರು ಕೊಟ್ಟ ಪಟ್ಟಿ ತೆಗೆದು ನೋಡಿ. ಕೆರುಂಗ್ ಸುಮಾರು 2,800 ಮೀಟರ್, ಮರುದಿನ ಸಾಗಾ ಸುಮಾರು 4,500. ಒಂದೇ ದಿನಕ್ಕೆ 1,700 ಮೀಟರ್! ಹಾಗಾಗಿ ಕೆರುಂಗ್‌ನಲ್ಲಿ ಕನಿಷ್ಠ ಎರಡು ರಾತ್ರಿ, ಸಾಗಾದಲ್ಲಿ ಸಾಧ್ಯವಾದರೆ ಎರಡು ರಾತ್ರಿ ಇರುವ ಪ್ಯಾಕೇಜನ್ನೇ ಹಿಡಿಯಿರಿ. "ಹತ್ತೇ ದಿನದಲ್ಲಿ ಕೈಲಾಸ" ಎಂಬ ಜಾಹೀರಾತು ಕಂಡರೆ ಮುಂದಿನ ಪುಟಕ್ಕೆ ಹೋಗಿ. ರಜೆ ಸಿಗುವುದಿಲ್ಲ ಅಂತ ದಿನ ಉಳಿಸುವವರು, ಕೊನೆಗೆ ಪರಿಕ್ರಮ ಶುರುವಾಗುವ ಊರಾದ ದಾರ್ಚೆನ್‌ನ ಹೋಟೆಲ್ ಕೋಣೆಯಲ್ಲಿ ಆಕ್ಸಿಜನ್ ಸಿಲಿಂಡರ್ ಪಕ್ಕ ಮಲಗಿ ಪರಿಕ್ರಮ ತಪ್ಪಿಸಿಕೊಳ್ಳುತ್ತಾರೆ.

ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ಸಾಕಾ?

ಅದು ಮೈ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ, ಅಷ್ಟೇ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ 125 ಮಿಲಿಗ್ರಾಂ ಬರೆದುಕೊಡುತ್ತಾರೆ. ಸಲ್ಫಾ ಅಲರ್ಜಿ ಇರುವವರು, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಗಾಬರಿ ಬೇಡ, ಅದು ಮಾತ್ರೆಯ ಗುಣ. ಮತ್ತೆ ಮತ್ತೆ ಎದ್ದು ಹೋಗಬೇಕಲ್ಲ ಅಂತ ನೀರು ಕುಡಿಯುವುದನ್ನು ಬಿಡುತ್ತಾರೆ ಕೆಲವರು. ಅದು ಇನ್ನೂ ಕೆಟ್ಟದ್ದು.

ಅಮ್ಮನಿಗೆ 68, ಶುಗರ್ ಇದೆ. ಕರೆದುಕೊಂಡು ಹೋಗಬಹುದಾ?

ವಯಸ್ಸಿಗಿಂತ ಮುಖ್ಯ ಹೃದಯ, ಶ್ವಾಸಕೋಶ, ಬಿಪಿ ಹೇಗಿದೆ ಅನ್ನುವುದು. ಟ್ರೆಡ್‌ಮಿಲ್ ಪರೀಕ್ಷೆ, ಎಕೋ ಮಾಡಿಸಿ ವೈದ್ಯರ ಅಭಿಪ್ರಾಯ ಕೇಳಿ. ಹತೋಟಿಯಲ್ಲಿರುವ ಶುಗರ್ ಅಡ್ಡಿಯಲ್ಲ, ಆದರೆ ಅಲ್ಲಿ ಹಸಿವೇ ಆಗುವುದಿಲ್ಲ. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಶುಗರ್ ಧಡಕ್ಕನೆ ಇಳಿಯುತ್ತದೆ. ಇನ್ಸುಲಿನ್ ಹೆಪ್ಪುಗಟ್ಟದ ಹಾಗೆ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಅಮ್ಮನ ಜೊತೆ ಹೋಗುವ ಮಗ, ಮಗಳು ಒಂದು ಮಾತನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು. ಅಮ್ಮ ಪರಿಕ್ರಮಕ್ಕೆ ಬರಲಾಗದಿದ್ದರೆ ಜೊತೆಗೆ ಯಾರು ಉಳಿಯುತ್ತಾರೆ? ಅಲ್ಲಿ ಹೋಗಿ ಈ ಚರ್ಚೆ ಶುರುವಾದರೆ ಬಹಳ ಕಷ್ಟ. ಅಮ್ಮಂದಿರು "ನನ್ನಿಂದ ನಿನ್ನ ಪರಿಕ್ರಮ ತಪ್ಪಬಾರದು" ಅಂತ ಎದೆನೋವು ಬಚ್ಚಿಟ್ಟುಕೊಂಡು ಎದ್ದು ಹೊರಡುತ್ತಾರೆ.

ತಯಾರಿ ಎಷ್ಟು ತಿಂಗಳು ಬೇಕು?

ಮೂರ್ನಾಲ್ಕು ತಿಂಗಳು. ದಿನಾ ಒಂದು ಗಂಟೆ ಬಿರುಸು ನಡಿಗೆ, ವಾರಕ್ಕೊಮ್ಮೆ ಬೆಟ್ಟ. ಬೆಂಗಳೂರಿನವರಿಗೆ ಶಿವಗಂಗೆ ಇದೆ, ಮೈಸೂರಿನವರಿಗೆ ಚಾಮುಂಡಿ ಮೆಟ್ಟಿಲಿವೆ. ಹೊಸ ಶೂ ಹಾಕಿಕೊಂಡು ಹೋಗಬೇಡಿ, ಇಲ್ಲೇ ಎರಡು ತಿಂಗಳು ಸವೆಸಿ. ಪ್ರಾಣಾಯಾಮ ಮಾಡುತ್ತಿದ್ದರೆ ಒಳ್ಳೆಯದೇ. ಅದೊಂದೇ ಸಾಕು ಅಂದುಕೊಳ್ಳಬೇಡಿ. ಗಟ್ಟಿಮುಟ್ಟಾದ ಹುಡುಗರಿಗೂ ಎತ್ತರ ಹೊಡೆಯುತ್ತದೆ, ಯಾಕೆಂದರೆ ಅವರು ಬೇಗ ಬೇಗ ನಡೆಯುತ್ತಾರೆ.

ಪರಿಕ್ರಮ ಮೂರು ದಿನ ಹೇಗಿರುತ್ತದೆ?

ಒಟ್ಟು ಸುಮಾರು 52 ಕಿ.ಮೀ. ಟಿಬೆಟನ್ನರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಅಡಿಯಿಂದ ಮುಡಿಯವರೆಗೆ ಸಾಷ್ಟಾಂಗ ಹಾಕುತ್ತಾ ವಾರಗಟ್ಟಲೆ ಸುತ್ತುವವರೂ ಇದ್ದಾರೆ. ಕೈಗೆ ಮರದ ಹಲಗೆ, ಮೊಣಕಾಲಿಗೆ ತೊಗಲಿನ ತೇಪೆ, ಹಣೆಯ ಮೇಲೆ ಮಣ್ಣಿನ ಗುರುತು. ಅವರ ಪಕ್ಕದಲ್ಲಿ ಹಾದುಹೋಗುವಾಗ ನಮ್ಮ ಕಾಲುನೋವಿನ ಮಾತು ತಾನಾಗಿ ನಿಲ್ಲುತ್ತದೆ.

ಮೊದಲ ದಿನ ದಾರ್ಚೆನ್‌ನಿಂದ ಯಮದ್ವಾರದವರೆಗೆ ವಾಹನ. ಸಣ್ಣ ಗುಡಿಯಂಥ ಬಾಗಿಲು, ಅದರೊಳಗೆ ನುಸುಳಿ ನಡಿಗೆ ಶುರು. ನದಿಯ ಪಕ್ಕ ಹೆಚ್ಚೂಕಡಿಮೆ ಸಮತಟ್ಟಾದ ದಾರಿ, ಸುಮಾರು 12 ಕಿ.ಮೀ. ಸಂಜೆಗೆ ದಿರಾಪುಕ್. ಕೈಲಾಸದ ಉತ್ತರ ಮುಖ ಎದುರಿಗೇ ಇರುತ್ತದೆ. ಎಲ್ಲರೂ ಫೋಟೋದಲ್ಲಿ ನೋಡಿರುವ ಆ ಕಪ್ಪು ಗೋಡೆ ಇದೇ. ರಾತ್ರಿ ನಿದ್ದೆ ಬರುವುದಿಲ್ಲ, ಬೇಕಿದ್ದರೆ ಎದ್ದು ಹೊರಗೆ ಬಂದು ನೋಡಿ.

ಎರಡನೇ ದಿನವೇ ಪರೀಕ್ಷೆ. ಕತ್ತಲಲ್ಲೇ ಹೊರಡಬೇಕು, ಯಾಕೆಂದರೆ ಮಧ್ಯಾಹ್ನದ ಮೇಲೆ ಡೋಲ್ಮಾ ಲಾದಲ್ಲಿ ಗಾಳಿ, ಹಿಮ ಯಾವಾಗ ಬೀಳುತ್ತದೋ ಹೇಳಲಾಗದು. ಸುಮಾರು 650 ಮೀಟರ್ ಏರಿಕೆ. ದಾರಿಯಲ್ಲಿ ಶಿವಸ್ಥಲ ಎನ್ನುವ ಜಾಗ ಸಿಗುತ್ತದೆ. ಟಿಬೆಟನ್ನರು ಅಲ್ಲಿ ತಮ್ಮ ಬಟ್ಟೆ, ಕೂದಲು ಏನಾದರೊಂದನ್ನು ಬಿಟ್ಟು ಹೋಗುತ್ತಾರೆ, ಹಳೆಯ ಜನ್ಮ ಅಲ್ಲಿಗೆ ಮುಗಿಯಿತು ಎಂಬ ಭಾವ. ಹತ್ತುವಾಗ ಇಪ್ಪತ್ತು ಹೆಜ್ಜೆ, ನಿಲ್ಲು. ಮತ್ತೆ ಇಪ್ಪತ್ತು, ನಿಲ್ಲು. ಕೂರಬೇಡಿ, ಕೂತರೆ ಏಳುವುದು ಕಷ್ಟ. ಮೇಲೆ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳ ರಾಶಿ, ಕಾಲಿಗೆ ತೊಡರುವಷ್ಟು. ಬಂಡೆಗೆ ಮೆತ್ತಿದ ಬೆಣ್ಣೆಯ ವಾಸನೆ. ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ.

ಇಳಿಯುತ್ತಾ ಕೆಳಗೆ ಹಸಿರು ಬಣ್ಣದ ಗೌರಿಕುಂಡ ಕಾಣುತ್ತದೆ. ದಾರಿಯಿಂದ ಕಡಿದಾಗಿ ಇಳಿದು ಮತ್ತೆ ಹತ್ತಬೇಕು. ಪೋರ್ಟರ್ ಕೈಗೆ ಬಾಟಲಿ ಕೊಟ್ಟರೆ ನೀರು ತಂದುಕೊಡುತ್ತಾರೆ. ಅದರಲ್ಲಿ ಅವಮಾನವೇನಿಲ್ಲ. ಆಮೇಲೆ ಮೊಣಕಾಲು ಬೇಡಿಕೊಳ್ಳುವಷ್ಟು ಇಳಿಜಾರು, ಅದಾದ ಮೇಲೆ ಮುಗಿಯದ ಬಯಲು, ಕೊನೆಗೆ ಜುತುಲ್‌ಪುಕ್. ಅಲ್ಲಿ ಟಿಬೆಟ್‌ನ ಸಂತ ಕವಿ ಮಿಲರೇಪ ತಪಸ್ಸು ಮಾಡಿದ ಗುಹೆ ಇದೆ. ಅವತ್ತು ಸಂಜೆ ಅದನ್ನು ನೋಡುವ ತ್ರಾಣ ಬಹಳ ಜನರಿಗೆ ಇರುವುದಿಲ್ಲ. ಬೆಳಿಗ್ಗೆ ನೋಡಿ.

ಮೂರನೇ ದಿನ ಸುಲಭ. ಅರ್ಧ ದಿನದ ನಡಿಗೆ, ಆಮೇಲೆ ವಾಹನ.

ಕುದುರೆ ಸಿಗುತ್ತದಾ?

ಸಿಗುತ್ತದೆ, ಆದರೆ ದಾರ್ಚೆನ್‌ನಲ್ಲೇ ಗೈಡ್ ಮೂಲಕ ಮೂರೂ ದಿನಕ್ಕೆ ಮೊದಲೇ ಗೊತ್ತುಮಾಡಬೇಕು. ನಡುದಾರಿಯಲ್ಲಿ ಸಿಗುವ ಭರವಸೆ ಇಲ್ಲ. ಯಾವ ಕುದುರೆ, ಯಾವ ಪೋರ್ಟರ್ ಎಂಬುದನ್ನು ಅಲ್ಲಿನವರು ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ನೀವು ಆರಿಸುವ ಹಾಗಿಲ್ಲ. ಡೋಲ್ಮಾ ಲಾದ ಇಳಿಜಾರಿನಲ್ಲಿ ಕುದುರೆಯಿಂದ ಇಳಿದು ನಡೆಯಲೇಬೇಕು. ಕುದುರೆ ಮಾಡಿಕೊಂಡರೂ ಒಬ್ಬ ಪೋರ್ಟರ್ ಇರಲಿ. ಇಲ್ಲದಿದ್ದರೆ ಕುದುರೆ ಮುಂದೆ ಹೋದಾಗ ನಿಮ್ಮ ನೀರು, ಮಾತ್ರೆ, ಮಳೆ ಅಂಗಿ ಎಲ್ಲ ಅದರ ಜೊತೆಗೇ ಹೋಗಿರುತ್ತದೆ.

ಪರಿಕ್ರಮ ಮಾಡದಿದ್ದರೆ ಯಾತ್ರೆ ಅಪೂರ್ಣವಾ?

ನನಗೆ ಹಾಗೆ ಅನ್ನಿಸುವುದಿಲ್ಲ. ಸರೋವರದ ದಡದಲ್ಲಿ ಎರಡು ದಿನ ಕೂತು, ಯಮದ್ವಾರದಲ್ಲಿ ಕೈಮುಗಿದು ಬಂದವರ ಯಾತ್ರೆಯೂ ಯಾತ್ರೆಯೇ. ಗುಂಪಿನಲ್ಲಿ ಕೆಲವರು ದಿರಾಪುಕ್‌ನಿಂದ ವಾಪಸ್ ಬರುತ್ತಾರೆ. ಅವರು ದಾರ್ಚೆನ್‌ನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಾರೆ. ಪರಿಕ್ರಮ ಮುಗಿಸಿದವರು ಬಂದು ಡೋಲ್ಮಾ ಲಾ ಸಾಹಸವನ್ನು ಅವರ ಮುಂದೆ ಮೂರು ಸಲ ಹೇಳುವ ಅಗತ್ಯ ಇಲ್ಲ.

ಮಾನಸ ಸರೋವರದಲ್ಲಿ ಸ್ನಾನ ಮಾಡಬಹುದಾ?

ಈಗ ನೀರಿಗೆ ಇಳಿಯಲು ಬಿಡುವುದಿಲ್ಲ. ಬಕೆಟ್‌ನಲ್ಲಿ ನೀರು ತಂದು ದಡದಿಂದ ದೂರ ತಲೆಗೆ ಸುರಿದುಕೊಳ್ಳಬಹುದು. ಬೇಸರವಾಗುತ್ತದೆ, ನಿಜ. ಆದರೆ ಸಾವಿರಾರು ಜನ ಸೋಪು, ಶ್ಯಾಂಪೂ ಪ್ಯಾಕೆಟ್, ಹಳೇ ಬಟ್ಟೆ ಬಿಟ್ಟು ಹೋದರೆ ಆ ನೀರು ಏನಾಗಬೇಕು? ಮಧ್ಯಾಹ್ನ ಬಿಸಿಲಿರುವಾಗ ಸ್ನಾನ ಮುಗಿಸಿ, ತಕ್ಷಣ ತಲೆ ಒರೆಸಿ ಟೋಪಿ ಹಾಕಿಕೊಳ್ಳಿ. ಮರುದಿನ ಪರಿಕ್ರಮ ಇದ್ದರೆ ಪ್ರೋಕ್ಷಣೆ ಸಾಕು.

ಬ್ರಾಹ್ಮಿ ಮುಹೂರ್ತದಲ್ಲಿ ಸರೋವರಕ್ಕೆ ದೇವತೆಗಳು ಬೆಳಕಾಗಿ ಇಳಿಯುತ್ತಾರಂತೆ, ನಿಜವಾ?

ಕಂಡವರು ಕಂಡೆವು ಎನ್ನುತ್ತಾರೆ, ನಾನು ಅವರ ಜೊತೆ ವಾದ ಮಾಡುವುದಿಲ್ಲ. ನನಗೆ ಕಂಡದ್ದು ನಕ್ಷತ್ರಗಳು. ದಿಗಂತದವರೆಗೂ, ನೀರಿನ ಒಳಗೂ. ಅದಕ್ಕಾಗಿಯೇ ಎದ್ದು ಕೂರಬಹುದು. ಮೈ ಬೆಚ್ಚಗಿರಲಿ.

ಪಕ್ಕದಲ್ಲೇ ಇರುವ ರಾಕ್ಷಸ ತಾಲ್ ಯಾವುದು?

ಅಲ್ಲೇ ರಾವಣ ತಪಸ್ಸು ಮಾಡಿದ ಎನ್ನುತ್ತಾರೆ. ನಮಗೆ ಈ ರಾವಣ ಹೊಸಬನಲ್ಲ. ಬೇಲೂರು, ಹಳೇಬೀಡಿನ ಗೋಡೆಗಳಲ್ಲಿ ಕೈಲಾಸ ಎತ್ತುತ್ತಿರುವವನು ಅವನೇ, ಗೋಕರ್ಣದಲ್ಲಿ ಆತ್ಮಲಿಂಗ ಕಳೆದುಕೊಂಡವನೂ ಅವನೇ. ಗಂಗಾ ಛೂ ಎಂಬ ಸಣ್ಣ ಕಾಲುವೆ ಎರಡು ಸರೋವರಗಳನ್ನೂ ಸೇರಿಸುತ್ತದೆ. ಮಾನಸದ ನೀರು ಸಿಹಿ, ಇದರದ್ದು ಸ್ವಲ್ಪ ಉಪ್ಪು. ಯಾತ್ರಿಕರು ಇದರ ನೀರು ಮುಟ್ಟುವುದಿಲ್ಲ. ಫೋಟೋಗೆ ಮಾತ್ರ ಇದೇ ಚೆಂದ, ಅಂಥ ಗಾಢ ನೀಲಿ.

ಊಟ? ನಾವು ಶುದ್ಧ ಸಸ್ಯಾಹಾರಿಗಳು.

ತೊಂದರೆ ಇಲ್ಲ. ನೇಪಾಳದ ಟೂರುಗಳಲ್ಲಿ ಅಡುಗೆಯವರೂ ಸಾಮಾನೂ ಜೊತೆಗೇ ಬರುತ್ತವೆ. ಅನ್ನ, ದಾಲ್, ಆಲೂಗೆಡ್ಡೆ, ಗಂಜಿ, ಸೂಪು. ರುಚಿಯ ನಿರೀಕ್ಷೆ ಬೇಡ. ಆ ಎತ್ತರದಲ್ಲಿ ನೀರು 84-85 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಬುಳುಬುಳು ಅನ್ನುತ್ತಿರುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಕುಕ್ಕರ್ ಇಲ್ಲದಿದ್ದರೆ ಅನ್ನದ ನಡುವೆ ಅಕ್ಕಿ ಸಿಗುತ್ತದೆ. ಚಹಾ ಕೂಡ ಬಿಸಿ ಅನ್ನಿಸುವುದರೊಳಗೆ ಆರಿರುತ್ತದೆ.

ಮನೆಯಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ನಿಂಬೆ ಉಪ್ಪಿನಕಾಯಿ, ಹುರಿಗಡಲೆ, ಒಣದ್ರಾಕ್ಷಿ ತನ್ನಿ. ಬಾಯಿ ರುಚಿ ಸತ್ತು ಹೋದಾಗ ಒಂದು ಚಿಟಿಕೆ ಉಪ್ಪಿನಕಾಯಿ ಇಡೀ ತಟ್ಟೆ ಅನ್ನ ಇಳಿಸುತ್ತದೆ. ಕರಿದದ್ದು ಕಡಿಮೆ ಇರಲಿ, ಅಲ್ಲಿ ಅರಗುವುದಿಲ್ಲ.

ಶೌಚಾಲಯ?

ದಾರ್ಚೆನ್, ಪುರಾಂಗ್ (ತಕ್ಲಾಕೋಟ್), ಸಾಗಾ ಹೋಟೆಲುಗಳಲ್ಲಿ ಪರವಾಗಿಲ್ಲ. ಪರಿಕ್ರಮದ ದಾರಿಯಲ್ಲಿ ಕೆಟ್ಟದಾಗಿದೆ, ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಟಿಶ್ಯೂ, ಸ್ಯಾನಿಟೈಸರ್, ಟಾರ್ಚ್ ಜೇಬಿನಲ್ಲೇ ಇರಲಿ. ಬಳಸಿದ ಟಿಶ್ಯೂ ಗಾಳಿಗೆ ಬಿಡಬೇಡಿ.

ಯಾತ್ರೆಯ ನಡುವೆ ಮುಟ್ಟಾದರೆ?

ಯಾರೂ ತಡೆಯುವುದಿಲ್ಲ, ಕೇಳುವುದೂ ಇಲ್ಲ. ಮುಂದೂಡುವ ಮಾತ್ರೆಯನ್ನು ಮಾತ್ರ ಸ್ನೇಹಿತೆ ಹೇಳಿದಳು ಅಂತ ತೆಗೆದುಕೊಳ್ಳಬೇಡಿ. ಎತ್ತರದಲ್ಲಿ ರಕ್ತ ಮಂದವಾಗುತ್ತದೆ, ಕೆಲವು ಹಾರ್ಮೋನ್ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತವೆ. ಸ್ತ್ರೀರೋಗ ತಜ್ಞರನ್ನು ಕೇಳಿ. ಪ್ಯಾಡ್ ಇಲ್ಲಿಂದಲೇ ಒಯ್ಯಿರಿ.

ಫೋನ್, ದುಡ್ಡು, ಗಡಿಯಾರ?

ಚೀನಾದಲ್ಲಿ ವಾಟ್ಸ್‌ಆ್ಯಪ್, ಗೂಗಲ್ ಕೆಲಸ ಮಾಡುವುದಿಲ್ಲ. ಮನೆಯವರಿಗೆ "ಎರಡು ಮೂರು ದಿನ ಫೋನ್ ಬರದಿದ್ದರೆ ಗಾಬರಿ ಬೇಡ" ಎಂದು ಮೊದಲೇ ಹೇಳಿ. ಖರ್ಚಿಗೆ ಯುವಾನ್ ನೋಟು ಬೇಕು, ಕುದುರೆಯವರು ಮತ್ತು ಪೋರ್ಟರ್‌ಗೆ ನಗದೇ ಕೊಡಬೇಕು. ಅಲ್ಲಿ ನಡೆಯುವುದು ಬೀಜಿಂಗ್ ಸಮಯ, ನಮಗಿಂತ ಎರಡೂವರೆ ಗಂಟೆ ಮುಂದೆ. ಜೂನ್‌ನಲ್ಲೂ ಬೆಳಿಗ್ಗೆ ಏಳಕ್ಕೆ ಇನ್ನೂ ನಸುಕು, ರಾತ್ರಿ ಒಂಬತ್ತಕ್ಕೆ ಬಿಸಿಲು.

ಟಿಬೆಟನ್ನರ ಜೊತೆ ಹೇಗೆ ನಡೆದುಕೊಳ್ಳಬೇಕು?

ಬೈಲಕುಪ್ಪೆ, ಮುಂಡಗೋಡು ಕಂಡಿರುವ ನಮಗೆ ಟಿಬೆಟನ್ನರು ಅಪರಿಚಿತರಲ್ಲ. ಅವರ ನಮಸ್ಕಾರದ ಮಾತು "ತಾಶಿ ದೆಲೆಕ್" ಹೇಳಿದರೆ ಮುಖ ಅರಳುತ್ತದೆ. ಆದರೆ ಅಲ್ಲಿ ದಲೈ ಲಾಮಾ ಅವರ ಮಾತು ಎತ್ತಬೇಡಿ. ಅವರ ಫೋಟೋ, ಟಿಬೆಟ್ ಬಾವುಟ, ಅಂಥ ಪುಸ್ತಕ ಚೀಲದಲ್ಲೂ ಬೇಡ, ಮೊಬೈಲಿನಲ್ಲೂ ಬೇಡ. ಬೈಲಕುಪ್ಪೆಯ ಸ್ನೇಹಿತರ ಕಥೆಯನ್ನು ಹೋಟೆಲಿನಲ್ಲಿ ಜೋರಾಗಿ ಹೇಳುವುದೂ ಬೇಡ. ನಿಮಗೆ ಹೆಚ್ಚೆಂದರೆ ವಿಚಾರಣೆ, ಕೇಳಿಸಿಕೊಂಡ ಸ್ಥಳೀಯರಿಗೆ ಅದಕ್ಕಿಂತ ಜಾಸ್ತಿ ತೊಂದರೆ. ಸೈನಿಕರು, ಚೆಕ್‌ಪೋಸ್ಟ್‌ಗಳ ಫೋಟೋ ತೆಗೆಯಬೇಡಿ.

ಕೈಲಾಸದ ಶಿಖರ ಯಾರೂ ಹತ್ತಿಲ್ಲವಾ? ಅಲ್ಲಿ ವಯಸ್ಸು ಬೇಗ ಆಗುತ್ತದಂತೆ?

ಹತ್ತಿದ ದಾಖಲೆ ಇಲ್ಲ. 1980ರ ದಶಕದಲ್ಲಿ ಪ್ರಸಿದ್ಧ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್‌ಗೆ ಅವಕಾಶ ಬಂದಿತ್ತು, ಅವರು ಬೇಡ ಎಂದರು. ಟಿಬೆಟನ್ನರ ಕಥೆಯಲ್ಲಿ ಮಾತ್ರ ಮಿಲರೇಪ ಸೂರ್ಯಕಿರಣ ಹಿಡಿದು ಶಿಖರಕ್ಕೆ ಹೋಗಿದ್ದಾನೆ.

ಉಗುರು, ಕೂದಲು ಬೇಗ ಬೆಳೆಯುತ್ತದೆ, ಬೆಟ್ಟ ಮನುಷ್ಯರು ಕಟ್ಟಿದ ಪಿರಮಿಡ್ ಎಂಬುದೆಲ್ಲ ವಾಟ್ಸ್‌ಆ್ಯಪ್ ಪುರಾಣ. ಮುಖ ಕಪ್ಪಾಗಿ ತುಟಿ ಒಡೆದು ಹತ್ತು ವರ್ಷ ಜಾಸ್ತಿ ಆದವರ ಹಾಗೆ ಕಾಣುವುದು ಮಾತ್ರ ನಿಜ. ಅದಕ್ಕೆ ಸನ್‌ಸ್ಕ್ರೀನ್, ವ್ಯಾಸಲಿನ್ ಇದೆ.

ಕುದುರೆ ವರ್ಷ ಅಂದರೇನು?

ಟಿಬೆಟನ್ ಪಂಚಾಂಗದಲ್ಲಿ 12 ವರ್ಷಕ್ಕೊಮ್ಮೆ ಬರುವ ವರ್ಷ. ಆಗ ಮಾಡುವ ಒಂದು ಪರಿಕ್ರಮ 13ಕ್ಕೆ ಸಮ ಎಂದು ನಂಬಿಕೆ. 2014 ಕುದುರೆ ವರ್ಷ, 2026 ಕೂಡ. ಪುಣ್ಯ ಜಾಸ್ತಿ, ಜನವೂ ಜಾಸ್ತಿ. ಕೋಣೆ, ಕುದುರೆ ಎರಡಕ್ಕೂ ಪೈಪೋಟಿ.

ಜೀವಕ್ಕೆ ಅಪಾಯ ಇದೆಯಾ?

ಇದೆ. 1998ರ ಆಗಸ್ಟ್‌ನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾದಲ್ಲಿ ರಾತ್ರೋರಾತ್ರಿ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 60 ಯಾತ್ರಿಕರು. ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ನೃತ್ಯಗಾತಿ ಪ್ರೊತಿಮಾ ಬೇಡಿ ಅವರೂ ಅಲ್ಲೇ ತೀರಿಕೊಂಡರು. ಮಳೆಗಾಲದ ಕುಸಿತ ನಮ್ಮ ಕೈಯಲ್ಲಿಲ್ಲ. ಎತ್ತರದ ಕಾಯಿಲೆಯ ವಿಷಯ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮೇಲೆ ಅಷ್ಟು ಉದ್ದ ಬರೆದದ್ದು ಅದಕ್ಕೇ.

ಆರೋಗ್ಯ ಒಪ್ಪುತ್ತಿಲ್ಲ. ಬೇರೆ ದಾರಿ?

ಉತ್ತರಾಖಂಡದ ಆದಿ ಕೈಲಾಸ, ಓಂ ಪರ್ವತಕ್ಕೆ ವೀಸಾ ಬೇಡ, ಧಾರ್ಚುಲಾದಲ್ಲಿ ಸಿಗುವ ಇನ್ನರ್ ಲೈನ್ ಪರ್ಮಿಟ್ ಸಾಕು. ಬಹುಪಾಲು ವಾಹನದಲ್ಲೇ ಹೋಗಬಹುದು. 2024ರ ಅಕ್ಟೋಬರ್‌ನಿಂದ ಭಾರತದ ಗಡಿಯೊಳಗಿನ ಹಳೇ ಲಿಪುಲೇಖ್ ಕಡೆಯಿಂದ ದೂರದ ಕೈಲಾಸ ದರ್ಶನಕ್ಕೂ ವ್ಯವಸ್ಥೆ ಮಾಡಿದ್ದಾರೆ. ಆದರೆ ಅದೂ ಎತ್ತರದ ಜಾಗವೇ, ತಪಾಸಣೆ ಬೇಕು. ನೇಪಾಲ್‌ಗಂಜ್‌ನಿಂದ ವಿಮಾನದಲ್ಲೇ ಕೂತು ಕೈಲಾಸ ನೋಡಿ ಬರುವ ಹಾರಾಟ 2024ರ ಜನವರಿಯಲ್ಲಿ ಶುರುವಾಯಿತು. ಹೊರಡುವ ಮುಂಚೆ ಈಗಲೂ ಇದೆಯಾ ವಿಚಾರಿಸಿ.

ತೀರ್ಥ, ಕಲ್ಲು ತರಬಹುದಾ?

ನೀರು ತನ್ನಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಚೆಕ್-ಇನ್ ಚೀಲದಲ್ಲಿ ಇಡಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಕಲ್ಲು ಬೇಡ. ಎಲ್ಲರೂ ಒಂದೊಂದು ಎತ್ತಿಕೊಂಡರೆ ದಡದಲ್ಲಿ ಏನು ಉಳಿಯುತ್ತದೆ?

ಕರ್ನಾಟಕ ಸರ್ಕಾರದ ಸಹಾಯಧನ ಸಿಗುತ್ತದಾ?

ಮುಜರಾಯಿ ಇಲಾಖೆ ಮಾನಸ ಸರೋವರ ಯಾತ್ರಿಕರಿಗೆ 30,000 ರೂಪಾಯಿ ಕೊಡುವ ಯೋಜನೆ ಇದೆ. ಯಾತ್ರೆ ಮುಗಿಸಿ ಬಂದ ಮೇಲೆ ದಾಖಲೆ ಸಮೇತ ಅರ್ಜಿ ಹಾಕಬೇಕು. ಆ ವರ್ಷದ ನಿಯಮ, ಕೊನೆಯ ದಿನಾಂಕ ಎರಡನ್ನೂ ಹೊರಡುವ ಮುಂಚೆಯೇ ಇಲಾಖೆಯಲ್ಲಿ ಕೇಳಿಟ್ಟುಕೊಳ್ಳಿ. ಗುಂಪು ವೀಸಾದ ಪ್ರತಿ ಟೂರಿನವರ ಹತ್ತಿರ ಉಳಿದುಬಿಡುತ್ತದೆ, ಕಠ್ಮಂಡುವಿನಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಲ್ಲು, ಬೋರ್ಡಿಂಗ್ ಪಾಸ್ ಯಾವುದನ್ನೂ ಬಿಸಾಡಬೇಡಿ.